ಸೈಟಿಗೆ ಎ-ಖಾತಾ ಸಿಕ್ಕರೆ ಲೇಔಟಿಗೂ ಒಪ್ಪಿಗೆ ಸಿಕ್ಕಂತಾ?

ಬೆಂಗಳೂರಿನ ಬಿ-ಖಾತಾ ಸೈಟುಗಳಿಗೆ, ಅಂದರೆ ಒಪ್ಪಿಗೆ ಇಲ್ಲದ ಬಡಾವಣೆಗಳಲ್ಲಿದ್ದು ಪಾಲಿಕೆಯ ತೆರಿಗೆ ಲೆಕ್ಕದಲ್ಲಿ ಬೇರೆಯಾಗಿ ಬರೆದಿಟ್ಟ ಸೈಟುಗಳಿಗೆ, ಸಕ್ರಮ ಆಸ್ತಿಗಳಿಗೆ ಸಿಗುವ ಎ-ಖಾತಾ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ನವೆಂಬರ್ 1ರಿಂದ ಅರ್ಜಿ ತೆಗೆದುಕೊಳ್ಳುವುದು ಶುರುವಾಯಿತು. ಸೈಟಿನ ಮಾರ್ಗಸೂಚಿ ದರದ (ಸರ್ಕಾರ ನೋಂದಣಿಗೆಂದು ಗೊತ್ತುಮಾಡಿದ ಬೆಲೆ) ಶೇ 5ರಷ್ಟು ಶುಲ್ಕ, ನೂರು ದಿನಗಳ ಗಡುವು ಎಂದು ಆಗ ಹೇಳಲಾಯಿತು. ಅವತ್ತಿನಿಂದ ಜನರ ಪ್ರಶ್ನೆಗಳು ನಿಂತಿಲ್ಲ. ದುಡ್ಡು ಕಟ್ಟಿದರೆ ನಮ್ಮ ಲೇಔಟ್ ಸಕ್ರಮ ಆಗುತ್ತದಾ? ಡೀಸಿ ಕನ್ವರ್ಷನ್ ಆಗಿದೆಯಲ್ಲ, ಮತ್ತೆ ಯಾಕೆ ಕಟ್ಟಬೇಕು? ರಿಜಿಸ್ಟ್ರೇಷನ್ ಮಾಡಿಕೊಟ್ಟದ್ದು ಸರ್ಕಾರ, ವರ್ಷವರ್ಷ ಕಂದಾಯ ಕಟ್ಟಿಸಿಕೊಂಡದ್ದೂ ಸರ್ಕಾರ, ಈಗ ಅದೇ ಸರ್ಕಾರ ಅಕ್ರಮ ಅಂದರೆ ಹೇಗೆ? ಮೈಸೂರು, ತುಮಕೂರು, ಹುಬ್ಬಳ್ಳಿ ಕಡೆಯವರಿಗೆ ಇನ್ನೊಂದು ಪ್ರಶ್ನೆ: ನಮ್ಮೂರಿಗೆ ಯಾವಾಗ?

ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಗೊಂದಲಕ್ಕೆ ಮುಖ್ಯ ಕಾರಣ, ನಾವು ನಾಲ್ಕಾರು ಬೇರೆ ಬೇರೆ ಕಾಗದಗಳನ್ನು ಒಂದೇ ಕಣ್ಣಿನಿಂದ ನೋಡುತ್ತಿರುವುದು. ಸೈಟಿಗೆ ಸಿಗುವ ಒಪ್ಪಿಗೆ ಬೇರೆ, ಲೇಔಟಿಗೆ ಸಿಗುವ ಒಪ್ಪಿಗೆ ಬೇರೆ. ಎರಡನೆಯದು ಇಲ್ಲದೆ ಮೊದಲನೆಯದನ್ನು ಮಾತ್ರ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸುವ ಸಮಯ ಇದು.

ಹೊಲ ಬಡಾವಣೆಯಾಗುವ ದಾರಿ

ಒಂದು ಹೊಲ ಬಡಾವಣೆ ಆಗಬೇಕಾದರೆ ಮೊದಲು ನೋಡಬೇಕಾದದ್ದು ಆ ಊರಿನ ಮಾಸ್ಟರ್ ಪ್ಲಾನ್. ಅದರಲ್ಲಿ ಆ ಸರ್ವೆ ನಂಬರ್ ವಸತಿ ವಲಯದಲ್ಲಿದೆಯೋ, ಹಸಿರು ವಲಯದಲ್ಲಿದೆಯೋ ಎಂಬುದು ಮೊದಲ ಪ್ರಶ್ನೆ. ವಸತಿ ವಲಯದಲ್ಲಿ ಇಲ್ಲದಿದ್ದರೆ ಭೂ ಬಳಕೆ ಬದಲಾವಣೆಗೆ ಬೇರೆ ಅರ್ಜಿ ಹಾಕಬೇಕು. ಆಮೇಲೆ, ಹಿಂದಿನಿಂದ ಬಂದ ಕ್ರಮದಂತೆ, ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ. ಜನ ಡೀಸಿ ಕನ್ವರ್ಷನ್ ಅನ್ನುವುದು ಇದಕ್ಕೇ.

ಬಹಳಷ್ಟು ಜನ ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ಕನ್ವರ್ಷನ್ ಹೇಳುವುದು ಒಂದೇ ಮಾತು: ಈ ಜಮೀನಿನಲ್ಲಿ ಇನ್ನು ಬೇಸಾಯವನ್ನೇ ಮಾಡಬೇಕಿಲ್ಲ, ವಾಸದ ಮನೆಗೆ ಬಳಸಬಹುದು. ಆ ಜಮೀನನ್ನು ಎಷ್ಟು ತುಂಡು ಮಾಡಬೇಕು, ರಸ್ತೆ ಎಷ್ಟು ಅಗಲ ಇರಬೇಕು, ಮಳೆನೀರು ಯಾವ ಕಡೆ ಹೋಗಬೇಕು, ಮಕ್ಕಳು ಎಲ್ಲಿ ಆಡಬೇಕು ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದ್ದು ಯೋಜನಾ ಪ್ರಾಧಿಕಾರ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಸೆಕ್ಷನ್ ಇರುವುದೇ ಇದಕ್ಕೆ. ಜಮೀನನ್ನು ಸೈಟುಗಳಾಗಿ ತುಂಡು ಮಾಡಬೇಕಾದರೆ, ಖಾಸಗಿ ರಸ್ತೆ ಬಿಡಬೇಕಾದರೆ ಪ್ರಾಧಿಕಾರದ ಮಂಜೂರಾತಿ ಬೇಕು ಎನ್ನುತ್ತದೆ ಅದು. ಬೆಂಗಳೂರಿಗೆ ಇದರ ಜೊತೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆ, 1976ರ 32ನೇ ಸೆಕ್ಷನ್ ಕೂಡ ಇದೆ. ಅದೂ ಹೇಳುವುದು ಇದನ್ನೇ.

ಪ್ರಾಧಿಕಾರದ ಮುಂದೆ ನಕ್ಷೆ ಹೋದಾಗ ಏನೇನು ನೋಡುತ್ತಾರೆ? ಮುಖ್ಯರಸ್ತೆಯಿಂದ ಜಮೀನಿಗೆ ಬರಲು ಸರಿಯಾದ ದಾರಿ ಇದೆಯಾ ಎನ್ನುವುದು ಒಂದು. ಸರ್ವೆ ನಕಾಶೆಯಲ್ಲಿ ಬಂಡಿದಾರಿ, ಹಳ್ಳ, ಖರಾಬು (ಸಾಗುವಳಿಗೆ ಬರದ ಜಾಗ) ಇದೆಯಾ ಎನ್ನುವುದು ಇನ್ನೊಂದು. ಮಳೆನೀರು ಹರಿಯುವ ರಾಜಕಾಲುವೆ ಇದ್ದರೆ ಅದರ ಎರಡೂ ಬದಿ ಜಾಗ ಬಿಡಲೇಬೇಕು. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಪ್ರಕಾರ ಕಾಲುವೆಯ ದರ್ಜೆ ನೋಡಿಕೊಂಡು ಅದರ ಮಧ್ಯದಿಂದ 50, 25 ಅಥವಾ 15 ಮೀಟರ್. ಇದನ್ನು ಹಸಿರು ನ್ಯಾಯಮಂಡಳಿ 2016ರಲ್ಲಿ ಬದಲಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ ಹಳೆಯ ಅಳತೆಯನ್ನೇ ಉಳಿಸಿತು. ಮೇಲೆ ಹೈಟೆನ್ಷನ್ ತಂತಿ ಹಾದಿದ್ದರೆ ಅದರ ಕೆಳಗೆ ಸೈಟು ಮಾಡುವ ಹಾಗಿಲ್ಲ. ನೀರು, ಒಳಚರಂಡಿ, ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಆಯಾ ಇಲಾಖೆ ಬರೆದುಕೊಡಬೇಕು.

ಇಷ್ಟಾದ ಮೇಲೆ ನಕ್ಷೆಗೆ ಒಪ್ಪಿಗೆ ಸಿಗುತ್ತದೆ. ಆಗಲೂ ಎಲ್ಲ ಸೈಟುಗಳನ್ನು ಒಟ್ಟಿಗೆ ಮಾರಲು ಬಿಡುವುದಿಲ್ಲ. ರಸ್ತೆ, ಚರಂಡಿ, ಯುಜಿಡಿ (ಒಳಚರಂಡಿ), ಬೀದಿದೀಪದ ಕೆಲಸ ಮುಂದುವರಿದ ಹಾಗೆ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವುದು ವಾಡಿಕೆ. ಕೊನೆಯ ಕಂತಿನ ಸೈಟುಗಳು ಪ್ರಾಧಿಕಾರದ ಕೈಯಲ್ಲಿ ಇದ್ದರೆ ಮಾತ್ರ ಲೇಔಟ್ ಮಾಡಿದವರು ಕೆಲಸ ಮುಗಿಸುತ್ತಾರೆ. ಇಲ್ಲದಿದ್ದರೆ ಸೈಟು ಮಾರಿ, ಜಲ್ಲಿ ಹಾಕಿದ ರಸ್ತೆ ತೋರಿಸಿ ಹೊರಟುಬಿಡುತ್ತಾರೆ. ರಸ್ತೆ, ಪಾರ್ಕು ಮತ್ತು ಶಾಲೆ, ಅಂಗನವಾಡಿಯಂಥ ಸಾರ್ವಜನಿಕ ಸೌಕರ್ಯಕ್ಕೆ ಬಿಟ್ಟ ಸಿ.ಎ. ಸೈಟುಗಳನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು. ಈ ಪತ್ರ ಆದ ಮೇಲೆ ಆ ಪಾರ್ಕನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ.

ಹೀಗೆ ಬಿಟ್ಟ ಜಾಗಕ್ಕೆ ಎಷ್ಟು ಬಲ ಇದೆ ಎನ್ನುವುದಕ್ಕೆ ಬೆಂಗಳೂರಿನದೇ ಒಂದು ಕೇಸು ಇದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡಲು ಹೊರಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ವಕೀಲರು ಈಗಲೂ ಉದಾಹರಿಸುವುದು ಇದನ್ನೇ. ಅಲ್ಲಿ ನಿವಾಸಿಗಳು ಗೆದ್ದದ್ದು ಯಾಕೆಂದರೆ ನಕ್ಷೆಯಲ್ಲಿ ಪಾರ್ಕು ಇತ್ತು. ನಕ್ಷೆಯೇ ಇಲ್ಲದ ಬಡಾವಣೆಯವರು ಯಾವುದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಬೇಕು?

ಎಪ್ಪತ್ತಮೂರು ಸೈಟುಗಳ ಲೆಕ್ಕ

ಇಷ್ಟು ಒಳ್ಳೆಯ ಕಾನೂನು ಇದ್ದೂ ಒಪ್ಪಿಗೆ ಇಲ್ಲದ ಲೇಔಟುಗಳು ಯಾಕೆ ಹುಟ್ಟುತ್ತವೆ? ಉತ್ತರ ಸರಳ ಗಣಿತದಲ್ಲಿದೆ. ಹತ್ತು ಎಕರೆ ಜಮೀನು ಇದೆ ಎಂದಿಟ್ಟುಕೊಳ್ಳೋಣ.

ಎಕರೆಗೆ 43,560 ಚದರ ಅಡಿ. ಹತ್ತು ಎಕರೆಗೆ 4,35,600 ಚದರ ಅಡಿ. ಒಪ್ಪಿಗೆ ಪಡೆದ ಬಡಾವಣೆಯಲ್ಲಿ ರಸ್ತೆ, ಪಾರ್ಕು, ಸಿ.ಎ. ಜಾಗ ಎಲ್ಲ ಕಳೆದರೆ ಮಾರಲು ಉಳಿಯುವುದು ಹೆಚ್ಚುಕಡಿಮೆ ಅರ್ಧ. ಶೇ 55 ಎಂದು ಹಿಡಿದರೂ 2,39,580 ಚದರ ಅಡಿ. 30×40ರ ಸೈಟಿಗೆ 1,200 ಚದರ ಅಡಿಯಂತೆ 199 ಸೈಟುಗಳು.

ಅದೇ ಜಮೀನಿನಲ್ಲಿ ಯಾರನ್ನೂ ಕೇಳದೆ ಲೇಔಟ್ ಮಾಡಿದರೆ? ರಸ್ತೆ 20 ಅಡಿ. ಪಾರ್ಕು ಇಲ್ಲ. ಶಾಲೆಗೆ, ಅಂಗನವಾಡಿಗೆ, ನೀರಿನ ಟ್ಯಾಂಕಿಗೆ ಜಾಗ ಇಲ್ಲ. ಮೂಲೆಯಲ್ಲಿ ಉಳಿದ ತುಂಡಿಗೂ ಒಂದು ನಂಬರ್. ಹೀಗೆ ಮಾಡಿದರೆ ಮುಕ್ಕಾಲು ಪಾಲು ಜಾಗ ಮಾರಬಹುದು. 3,26,700 ಚದರ ಅಡಿ, ಅಂದರೆ 272 ಸೈಟು. 73 ಸೈಟು ಜಾಸ್ತಿ.

ಹೀಗೆ ಒಪ್ಪಿಗೆ ಇಲ್ಲದೆ ಮಾಡಿದ ಸೈಟು, ಜನ ರೆವಿನ್ಯೂ ಸೈಟು ಅನ್ನುವುದು, ಸ್ವಲ್ಪ ಅಗ್ಗಕ್ಕೆ ಹೋಗುತ್ತದೆ, ನಿಜ. ಆದರೆ ಮಾರುವವರಿಗೆ ಯುಜಿಡಿ ಹಾಕಿಸುವ ಖರ್ಚು ಇಲ್ಲ. ಕಚೇರಿಯಿಂದ ಕಚೇರಿಗೆ ಅಲೆಯುವುದು ಇಲ್ಲ. ಒಪ್ಪಿಗೆ ಬರುವವರೆಗೆ ಹಾಕಿದ ದುಡ್ಡಿಗೆ ಬಡ್ಡಿ ಬೆಳೆಯುವುದೂ ಇಲ್ಲ. ಆ 73 ಸೈಟುಗಳು ಎಲ್ಲಿಂದ ಬಂದವು ಎಂದು ಕೇಳಿದರೆ, ಬಡಾವಣೆಯ ಎಲ್ಲರಿಗೂ ಸೇರಬೇಕಿದ್ದ ರಸ್ತೆಯಿಂದ, ಪಾರ್ಕಿನಿಂದ, ಕಾಲುವೆಯ ಅಂಚಿನಿಂದ ಬಂದವು. ಕೊಳ್ಳುವವರಿಗೆ ಕಡಿಮೆ ಬೆಲೆ ಕಂಡಿತು. ಕಳೆದುಹೋದದ್ದು ಕ್ರಯಪತ್ರದಲ್ಲಿ ಎಲ್ಲೂ ಬರೆದಿರಲಿಲ್ಲ.

ಜನರನ್ನೇ ಬೈಯುವುದು ಸರಿಯಲ್ಲ

ಇದನ್ನು ಓದಿ, ಗೊತ್ತಿದ್ದೂ ರೆವಿನ್ಯೂ ಸೈಟು ಯಾಕೆ ಕೊಂಡರು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯಲ್ಲಿ ಅರ್ಧ ಮಾತ್ರ ಸತ್ಯವಿದೆ.

ಸರ್ಕಾರಿ ಬಡಾವಣೆಗಳ ಕಥೆ ನೋಡಿ. ಅರ್ಕಾವತಿ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಬಂದದ್ದು 2003ರಲ್ಲಿ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ. ಕೆಂಪೇಗೌಡ ಬಡಾವಣೆಯಲ್ಲಿ ಜನರ ಕೈಗೆ ಸೈಟು ಹಂಚಿಕೆ ಪತ್ರ ಸಿಗುವ ಹೊತ್ತಿಗೆ 2016 ಆಗಿತ್ತು. ಪತ್ರ ಸಿಕ್ಕ ಮೇಲೂ ಅಲ್ಲಿ ರಸ್ತೆ, ನೀರು, ಕರೆಂಟಿಗಾಗಿ ಸೈಟುದಾರರು ವರ್ಷಗಟ್ಟಲೆ ಹೋರಾಡಬೇಕಾಯಿತು. ಇತ್ತ ಕೆಲಸ ಹುಡುಕಿಕೊಂಡು ನಗರಕ್ಕೆ ಬಂದವರು ಅಷ್ಟು ವರ್ಷ ಕಾಯುತ್ತಾ ಕೂರಲು ಆಗುತ್ತದಾ? ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಡ್ರೈವರುಗಳು, ಸಣ್ಣ ಅಂಗಡಿ ಇಟ್ಟವರು ಚೀಟಿ ಹಾಕಿ, ಒಡವೆ ಅಡವಿಟ್ಟು ಸೈಟು ಕೊಂಡರು. ಅವರ ಕೈಗೆ ಎಟುಕುವ ಬೆಲೆಯಲ್ಲಿ ಇದ್ದದ್ದು ಅದೊಂದೇ.

ಸರ್ಕಾರದ ಬೇರೆ ಬೇರೆ ಕಿಟಕಿಗಳೂ ಬೇರೆ ಬೇರೆ ಮಾತಾಡಿದವು. ಉಪ ನೋಂದಣಿ ಕಚೇರಿ ಮುದ್ರಾಂಕ ಶುಲ್ಕ ತೆಗೆದುಕೊಂಡು ಕ್ರಯಪತ್ರ ನೋಂದಾಯಿಸಿತು. ಲೇಔಟಿಗೆ ಒಪ್ಪಿಗೆ ಇದೆಯಾ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಪಂಚಾಯಿತಿ ಖಾತೆ ಮಾಡಿಕೊಟ್ಟಿತು. ಬೋರ್ಡು, ಬ್ರೋಷರಿನಲ್ಲಿ ಪಂಚಾಯಿತಿ ಅಪ್ರೂವ್ಡ್ ಎಂದು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಯೋಜನಾ ಪ್ರದೇಶದೊಳಗೆ ಲೇಔಟ್ ನಕ್ಷೆ ಮಂಜೂರು ಮಾಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ ಎಂದು ಕೊಳ್ಳುವವರಿಗೆ ಹೇಳುವವರು ಯಾರು?

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, 2007ರಲ್ಲಿ ಹುಟ್ಟಿತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಬೆಂಗಳೂರಿಗೆ ಸೇರಿದವು. ಒಪ್ಪಿಗೆ ಇಲ್ಲದ ಸೈಟುಗಳು ಲಕ್ಷಗಟ್ಟಲೆ ಒಳಗೆ ಬಂದವು. ಅವುಗಳಿಂದ ತೆರಿಗೆ ಬೇಕು, ಆದರೆ ಅವನ್ನು ಸಕ್ರಮ ಎಂದು ಒಪ್ಪುವ ಹಾಗಿಲ್ಲ. ಅದಕ್ಕೆ ಕಂಡುಕೊಂಡ ದಾರಿಯೇ ಬೇರೊಂದು ವಹಿ. ಬಿ ವಹಿಯಲ್ಲಿ ಬರೆದದ್ದು ಜನರ ಬಾಯಲ್ಲಿ ಬಿ-ಖಾತಾ ಆಯಿತು. ಅದು ತೆರಿಗೆ ಲೆಕ್ಕದ ನಮೂದು ಅಷ್ಟೇ. ಖಾತಾ ಎ ಆಗಲಿ ಬಿ ಆಗಲಿ, ಆಸ್ತಿಯ ಹಕ್ಕನ್ನು ಕೊಡುವುದಿಲ್ಲ. ಹಕ್ಕು ಬರುವುದು ಕ್ರಯಪತ್ರ ಮತ್ತು ಅದರ ಹಿಂದಿನ ಮೂಲ ದಾಖಲೆಗಳಿಂದ. ಆದರೆ ಬಿ-ಖಾತಾ ಇದ್ದರೆ ಕಟ್ಟಡದ ನಕ್ಷೆಗೆ ಮಂಜೂರಾತಿ ಇಲ್ಲ. ದೊಡ್ಡ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ. ಮಾರಲು ಹೋದರೆ ಬೆಲೆ ಕಡಿಮೆ.

ಒತ್ತಡ ಈಗ ಯಾಕೆ ಹೆಚ್ಚಾಯಿತು

ಮೂರು ಕಡೆಯಿಂದ ಹಗ್ಗ ಬಿಗಿಯಾಯಿತು. ಮೊದಲನೆಯದು, 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ. ಖಾತಾ ಕಂಪ್ಯೂಟರಿಗೆ ಬಂದ ಮೇಲೆ ಎ ಯಾವುದು, ಬಿ ಯಾವುದು ಎಂದು ಮುಚ್ಚಿಡಲು ಆಗಲಿಲ್ಲ.

ಎರಡನೆಯದು ದೂರದ ಮೀರತ್‌ನಿಂದ ಬಂದ ಕೇಸು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಕ್ಕೆ ಕಾಯಂ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂಬುದು ಅದರಲ್ಲಿ ಒಂದು. ಓಸಿ ಸಿಗಬೇಕಾದರೆ ಮಂಜೂರಾದ ನಕ್ಷೆ ಬೇಕು. ನಕ್ಷೆ ಮಂಜೂರಾಗಬೇಕಾದರೆ ಸೈಟು ಅಧಿಕೃತವಾಗಿರಬೇಕು. 2025ರಲ್ಲಿ ವಿದ್ಯುತ್ ಕಂಪನಿಗಳು ಈ ಆದೇಶ ಜಾರಿಗೆ ತಂದಾಗ ಮನೆ ಕಟ್ಟಿ ಮುಗಿಸಿದ್ದ ಸಾವಿರಾರು ಕುಟುಂಬಗಳು ತಾತ್ಕಾಲಿಕ ಸಂಪರ್ಕದ ದುಬಾರಿ ಬಿಲ್ಲಿನಲ್ಲೇ ಉಳಿದವು. ಅಕ್ಟೋಬರ್‌ನಲ್ಲಿ ಸಚಿವ ಸಂಪುಟ 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ಅದಕ್ಕಿಂತ ದೊಡ್ಡ ಸೈಟಿನವರಿಗೆ ಸಮಸ್ಯೆ ಹಾಗೇ ಉಳಿಯಿತು.

ಮೂರನೆಯದು ಸರ್ಕಾರದ್ದೇ ಮಾತು. 2025ರ ಫೆಬ್ರವರಿಯಲ್ಲಿ ರಾಜ್ಯದ ಉಳಿದ ನಗರ, ಪಟ್ಟಣಗಳ ಅನಧಿಕೃತ ಸೈಟುಗಳಿಗೂ ಬಿ-ಖಾತಾ ಕೊಡುವ ಅಭಿಯಾನ ಶುರುವಾಯಿತು. ಇದು ಒಂದು ಬಾರಿಯ ಅವಕಾಶ, ಇನ್ನು ಮುಂದೆ ಅನಧಿಕೃತ ಬಡಾವಣೆ ತಲೆ ಎತ್ತಬಾರದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅಧಿಕಾರಿಗಳಿಗೆ ಹೇಳಿದರು. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಹೊಸ ಪಾಲಿಕೆಗಳಿಗೆ ಆದಾಯ ಬೇಕು, ಜನರಿಗೆ ಎ-ಖಾತಾ ಬೇಕು. ಎರಡೂ ಸೇರಿದ ಜಾಗದಲ್ಲಿ ಈ ಯೋಜನೆ ಹುಟ್ಟಿದೆ.

ಯೋಜನೆ ಮಾಡುವುದೇನು

ಇದರ ಜೀವಾಳ ಏಕ ನಿವೇಶನ ಅನುಮೋದನೆ. ಅಂದರೆ ಇಡೀ ಲೇಔಟನ್ನು ಬಿಟ್ಟು, ನಿಮ್ಮ ಒಂದು ಸೈಟನ್ನು ಮಾತ್ರ ಪ್ರತ್ಯೇಕ ತುಂಡು ಎಂದು ಒಪ್ಪಿಕೊಳ್ಳುವುದು. ಸೈಟಿನ ಮುಂದಿನ ರಸ್ತೆಯನ್ನು ಸಾರ್ವಜನಿಕ ರಸ್ತೆ ಎಂದು ಪರಿಗಣಿಸಲಾಗುತ್ತದೆ. ಶುಲ್ಕ ಕಟ್ಟಿದ ಮೇಲೆ ಖಾತಾ ಎ ಆಗುತ್ತದೆ. ಅಲ್ಲಿಂದ ಮುಂದೆ ನಕ್ಷೆ ಮಂಜೂರಾತಿ, ಬ್ಯಾಂಕ್ ಸಾಲ, ಓಸಿ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ.

ಸೈಟುದಾರರಿಗೆ ಇದು ನಿಜವಾಗಿಯೂ ದೊಡ್ಡ ಸಹಾಯ. ಅದನ್ನು ಕಡಿಮೆ ಮಾಡಿ ಹೇಳಬಾರದು. ಖಾಸಗಿ ಸಾಲದ ದುಬಾರಿ ಬಡ್ಡಿಯಿಂದ ಬ್ಯಾಂಕಿನ ಗೃಹಸಾಲಕ್ಕೆ ಬದಲಾದರೆ ಒಂದು ಕುಟುಂಬದ ತಿಂಗಳ ಖರ್ಚೇ ಬದಲಾಗುತ್ತದೆ.

ಆದರೆ ಲೇಔಟಿನ ಮಟ್ಟಿಗೆ ಏನು ಬದಲಾಯಿತು? 20 ಅಡಿ ರಸ್ತೆ 20 ಅಡಿಯೇ. ಪಾರ್ಕು ಬರಲಿಲ್ಲ. ಮುಚ್ಚಿದ ಕಾಲುವೆ ತೆರೆಯಲಿಲ್ಲ. ಬದಲಾದದ್ದು ಒಂದೇ: ಇನ್ನು ಮುಂದೆ ಅಲ್ಲಿ ಕಾನೂನುಬದ್ಧವಾಗಿ ಮಹಡಿ ಮೇಲೆ ಮಹಡಿ ಏರಿಸಬಹುದು. ಮೊದಲು ಸಾಲ ಸಿಗದೆ ಒಂದು ಮಹಡಿಗೆ ನಿಲ್ಲಿಸಿದ್ದವರು ಈಗ ಮೂರು ಮಹಡಿ ಕಟ್ಟಿ ಬಾಡಿಗೆಗೆ ಕೊಡಬಹುದು. ಒಂದು ಮನೆಗೆ ಸಾಲುತ್ತಿದ್ದ ಬೋರ್‌ವೆಲ್ ನೀರಿಗೆ ನಾಲ್ಕು ಮನೆಯವರು ಕೈಯೊಡ್ಡುತ್ತಾರೆ. ಒಂದು ಬೈಕ್ ನಿಲ್ಲುತ್ತಿದ್ದ ರಸ್ತೆಯಲ್ಲಿ ನಾಲ್ಕು ಕಾರು ನಿಲ್ಲುತ್ತವೆ. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಒಳಗೆ ಹೋಗಬೇಕಾದ್ದು ಆ ಕಾರುಗಳ ಪಕ್ಕದ ಜಾಗದಲ್ಲೇ. ಜನಸಂಖ್ಯೆ ಲೆಕ್ಕ ಹಾಕದೆ ಮಾಡಿದ ಬಡಾವಣೆಗೆ ಜನಸಂಖ್ಯೆ ಹೆಚ್ಚಿಸುವ ಪರವಾನಗಿ ಸಿಕ್ಕಿದೆ. ಈ ಯೋಜನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಶುಲ್ಕದಿಂದ ಸೌಕರ್ಯ ಮಾಡಬಹುದಲ್ಲ ಎನ್ನುತ್ತಾರೆ. ಅದನ್ನೂ ಲೆಕ್ಕ ಹಾಕೋಣ. ಅದೇ ಹತ್ತು ಎಕರೆಯ 272 ಸೈಟು. ಉದಾಹರಣೆಗೆ ಮಾರ್ಗಸೂಚಿ ದರ ಚದರ ಅಡಿಗೆ ₹5,000 ಎಂದುಕೊಳ್ಳಿ. ಒಂದು ಸೈಟಿಗೆ ₹60 ಲಕ್ಷ, ಮೊದಲು ಪ್ರಕಟಿಸಿದ ಶೇ 5ರ ಲೆಕ್ಕದಲ್ಲಿ ಶುಲ್ಕ ₹3 ಲಕ್ಷ. ಎಲ್ಲರೂ ಕಟ್ಟಿದರೆ ₹8.16 ಕೋಟಿ. ಈಗ ಅಲ್ಲಿ ಒಂದು ಎಕರೆ ಪಾರ್ಕು ಮಾಡಬೇಕು, ಹತ್ತರಲ್ಲಿ ಒಂದು ಪಾಲು. ಅದಕ್ಕೆ 36 ಸೈಟು ಬೇಕು. ಮಾರ್ಗಸೂಚಿ ದರದಲ್ಲೇ ₹21.6 ಕೋಟಿ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ತೆಗೆದುಕೊಂಡರೆ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನವನ್ನೂ ಕೊಡಬೇಕು. ಅಲ್ಲಿಗೆ ಎರಡರಷ್ಟು. ಇದು ಪಾರ್ಕಿಗೆ ಮಾತ್ರ. ರಸ್ತೆ ಅಗಲ ಮಾಡುವುದು, ಚರಂಡಿ, ಯುಜಿಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಜತೆಗೆ ಆ 36 ಸೈಟುಗಳಲ್ಲಿ ಜನ ವಾಸ ಮಾಡುತ್ತಿದ್ದಾರೆ. ಯಾರನ್ನು ಎಬ್ಬಿಸುವುದು?

ಒಪ್ಪಿಗೆಯ ಹೊತ್ತಿನಲ್ಲಿ ಪಾರ್ಕಿಗೆ ಬೇಕಾದ್ದು ನಕ್ಷೆಯ ಮೇಲೆ ಒಂದು ಗೆರೆ. ಇಪ್ಪತ್ತು ವರ್ಷದ ನಂತರ ಅದೇ ಪಾರ್ಕಿಗೆ ಕೋಟಿಗಟ್ಟಲೆ ದುಡ್ಡು ಸುರಿದರೂ ಆಗದು.

ಕಾವೇರಿ ನೀರಿನ ವಿಷಯದಲ್ಲೂ ಇದೇ ಆಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ. ಅಷ್ಟು ಕಾಲ ಅಲ್ಲಿನ ಬಡಾವಣೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬದುಕಿದವು. ಪೈಪು ಹಾಕಲು ಮತ್ತೆ ಮತ್ತೆ ರಸ್ತೆ ಅಗೆಯಬೇಕಾಯಿತು. ಸೈಟು ಮಾಡುವ ಮೊದಲೇ ಪೈಪು ಹಾಕಿದ್ದರೆ ಒಂದು ಸಲ ಅಗೆದರೆ ಮುಗಿಯುತ್ತಿತ್ತು.

ಯಾರ ವಾದ ಏನು

ಸೈಟುದಾರರ ವಾದ ಆಗಲೇ ಹೇಳಿದೆ. ಲೇಔಟ್ ಮಾಡಿದವರು ದುಡ್ಡು ಮಾಡಿಕೊಂಡು ಹೋದರು, ತಪ್ಪು ನೋಡಿಯೂ ಸುಮ್ಮನಿದ್ದವರು ಅಧಿಕಾರಿಗಳು, ದಂಡ ಮಾತ್ರ ನಮಗೆ ಎಂದು ಅವರು ಕೇಳುತ್ತಾರೆ. ಇದಕ್ಕೆ ಸರ್ಕಾರದ ಬಳಿ ಒಳ್ಳೆಯ ಉತ್ತರ ಇಲ್ಲ.

ಒಪ್ಪಿಗೆ ಪಡೆದ ಬಡಾವಣೆಯಲ್ಲಿ ಹೆಚ್ಚು ಬೆಲೆ ಕೊಟ್ಟು ಸೈಟು ಕೊಂಡವರದ್ದು ಇನ್ನೊಂದು ಸಂಕಟ. ಕಾನೂನು ಪಾಲಿಸಿ ನಾವು ಏನು ಗಳಿಸಿದೆವು ಎಂಬುದು ಅವರ ಪ್ರಶ್ನೆ. ಪಾರ್ಕಿಗೆ, ಅಗಲ ರಸ್ತೆಗೆ ಬಿಟ್ಟ ಜಾಗದ ಬೆಲೆಯೂ ಅವರ ಸೈಟಿನ ಬೆಲೆಯಲ್ಲಿ ಸೇರಿತ್ತು. ಈಗ ಪಕ್ಕದ ರೆವಿನ್ಯೂ ಲೇಔಟಿನವರು ಶುಲ್ಕ ಕಟ್ಟಿ ಅದೇ ಎ-ಖಾತಾ ಪಡೆಯುತ್ತಾರೆ. ಪಕ್ಕದವರ ಮಕ್ಕಳು ಆಡಲು ಬರುವುದೂ ಇವರ ಪಾರ್ಕಿಗೇ. ಮಕ್ಕಳು ಬರಬಾರದು ಎಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಪಾರ್ಕು ಎಷ್ಟು ಬಡಾವಣೆಗಳ ಭಾರ ಹೊರಬೇಕು?

ಲೇಔಟ್ ಮಾಡುವ ವೃತ್ತಿಯವರ ದೂರಿನಲ್ಲೂ ಹುರುಳಿದೆ. ನೆಟ್ಟಗೆ ಒಪ್ಪಿಗೆ ಕೇಳಿದರೆ ಕಂದಾಯ, ಸರ್ವೆ, ಪ್ರಾಧಿಕಾರ, ವಿದ್ಯುತ್, ನೀರು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಎಂದು ಒಂದರ ಹಿಂದೆ ಒಂದು ಕಚೇರಿ. ಕೇಳದೆ ಮಾಡಿದವರಿಗೆ ಕಾಲಾನಂತರ ಸಕ್ರಮ. ಪ್ರಾಮಾಣಿಕವಾಗಿ ಮಾಡುವವರಿಗೆ ಇದಕ್ಕಿಂತ ಕೆಟ್ಟ ಸಂದೇಶ ಇನ್ನೊಂದಿಲ್ಲ. ನಗರದಂಚಿನ ರೈತರು ಕೂಡ ಇದೇ ಲೆಕ್ಕ ಹಾಕುತ್ತಾರೆ. ಎಕರೆ ಲೆಕ್ಕದಲ್ಲಿ ಮಾರುವುದಕ್ಕಿಂತ ಗುಂಟೆ ಲೆಕ್ಕದಲ್ಲಿ, ಸೈಟಿನ ಲೆಕ್ಕದಲ್ಲಿ ಮಾರಿದರೆ ಜಾಸ್ತಿ ಸಿಗುತ್ತದೆ. ಹಸಿರು ವಲಯ ಎಂದು ಗೆರೆ ಎಳೆದು ಅವರ ಜಮೀನಿನ ಬೆಲೆ ಕಟ್ಟಿಹಾಕಿದ ಸರ್ಕಾರ ಅದಕ್ಕೆ ಬದಲಾಗಿ ಅವರಿಗೆ ಏನನ್ನೂ ಕೊಟ್ಟಿಲ್ಲ.

ನಗರ ಯೋಜನೆ ಬಲ್ಲವರು ಎತ್ತುವ ಆಕ್ಷೇಪ ಮುಂದಿನದಕ್ಕೆ ಸಂಬಂಧಿಸಿದ್ದು. ಪ್ರತಿ ಸಕ್ರಮವೂ ಮುಂದಿನ ಅಕ್ರಮಕ್ಕೆ ಧೈರ್ಯ ಕೊಡುತ್ತದೆ ಎನ್ನುತ್ತಾರೆ ಅವರು. ಅದಕ್ಕೆ ಆಧಾರವೂ ಇದೆ.

ಕೋರ್ಟಿನಲ್ಲಿ ನಿಂತಿರುವ ಹಳೆಯ ಯೋಜನೆ

ದಂಡ ಕಟ್ಟಿಸಿಕೊಂಡು ಅಕ್ರಮ ಸೈಟು, ಕಟ್ಟಡಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ನೆನಪಿದೆಯಲ್ಲ. 2007ರಲ್ಲಿ ಯೋಜನಾ ಕಾಯ್ದೆಗೆ ಹೊಸ ಸೆಕ್ಷನ್ ಸೇರಿಸಿ ಶುರು ಮಾಡಿದ್ದು. ಕಟ್‌ ಆಫ್ ದಿನಾಂಕ ಮುಂದೆ ಮುಂದೆ ಹೋಗಿ ಕೊನೆಗೆ 2013ರ ಅಕ್ಟೋಬರ್ 19ಕ್ಕೆ ನಿಂತಿತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. ಮರುತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಈಗಿನ ಯೋಜನೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದಿದೆ. ಕಟ್ಟಡದ ಉಲ್ಲಂಘನೆಯನ್ನು ಮುಟ್ಟದೆ, ಸೈಟಿಗೆ ಮಾತ್ರ 17ನೇ ಸೆಕ್ಷನ್‌ನ ಅಡಿಯಲ್ಲಿ ಅನುಮೋದನೆ ಕೊಡುತ್ತದೆ. ಹಾಗಾಗಿ ಎ-ಖಾತಾ ಬಂದರೂ, ಮೊದಲೇ ಕಟ್ಟಿದ ಮನೆಯ ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ) ಉಲ್ಲಂಘನೆ ತಾನಾಗಿ ಸರಿಹೋಗುವುದಿಲ್ಲ. ಇದನ್ನು ಅರ್ಜಿ ಹಾಕುವವರು ಚೆನ್ನಾಗಿ ತಿಳಿದಿರಬೇಕು. ಬಡಾವಣೆ ಯೋಜನೆಗೆಂದೇ ಇರುವ ಸೆಕ್ಷನ್ನನ್ನು ಬಡಾವಣೆಯನ್ನೇ ಬಿಟ್ಟು ಬಳಸಬಹುದೇ ಎಂಬ ಪ್ರಶ್ನೆಯನ್ನು ಯಾರಾದರೂ ನ್ಯಾಯಾಲಯದ ಮುಂದೆ ಇಟ್ಟರೆ, ಸರ್ಕಾರ ಅದಕ್ಕೆ ಗಟ್ಟಿ ಉತ್ತರ ಕೊಡಬೇಕಾಗುತ್ತದೆ.

ಒಪ್ಪಿಗೆ ಇದ್ದ ಮಾತ್ರಕ್ಕೆ ಎಲ್ಲ ಸರಿಯೇ?

ಅಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ ಕಡೆಯ ದುಬಾರಿ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಒಂದೊಂದು ಲೇಔಟಿನ ನಕ್ಷೆಯನ್ನು ಬೇರೆ ಬೇರೆಯಾಗಿ ನೋಡಿ ಸಹಿ ಹಾಕಿದರೆ ಸಾಲದು. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನೀರು ಹೋಗುವ ದಾರಿ ಇಡೀ ಕಣಿವೆಯದ್ದು. ಮೈಸೂರಿನ ಹೊರವಲಯದಲ್ಲಿ ಸಮಸ್ಯೆ ಇನ್ನೊಂದು ರೀತಿಯದ್ದು. ಅಲ್ಲಿ ಖಾಸಗಿ ಬಡಾವಣೆಗಳಿಗೆ ಪ್ರಾಧಿಕಾರದ ಒಪ್ಪಿಗೆ ಇದೆ. ಆದರೆ ಪ್ರಾಧಿಕಾರದಿಂದ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗದೆ, ಕಸ ಎತ್ತುವವರು ಯಾರು, ನೀರು ಬಿಡುವವರು ಯಾರು ಎಂಬ ಜಗಳ ವರ್ಷಗಟ್ಟಲೆ ನಡೆದಿದೆ. ಅಂದರೆ ಒಪ್ಪಿಗೆ ಕೊಟ್ಟ ದಿನವೇ ಹಸ್ತಾಂತರದ ದಿನವನ್ನೂ ಬರೆಯಬೇಕು.

ಮುಂದೆ ಏನಾಗಬಹುದು

ಬೆಂಗಳೂರಿನಲ್ಲಿ ಆದದ್ದನ್ನು ಉಳಿದ ಊರುಗಳೂ ಕೇಳುತ್ತವೆ, ಕೇಳಲೇಬೇಕು. ಅಲ್ಲಿ ಈಗಾಗಲೇ ಬಿ-ಖಾತಾ ಹಂಚಿಯಾಗಿದೆ. ಹಳ್ಳಿಗಳಲ್ಲಿ ಬಿ-ಖಾತಾದಂಥದ್ದೇ ಆದ 11ಬಿ ನಮೂನೆ ಹಿಡಿದವರಿದ್ದಾರೆ. ಚಿಕ್ಕ ಊರುಗಳಲ್ಲಿ ಇನ್ನೂ ಎಲ್ಲ ಸೈಟುಗಳ ಮೇಲೆ ಮನೆ ಎದ್ದಿಲ್ಲ. ಹಾಗಾಗಿ ಬೆಂಗಳೂರಿಗೆ ಕೈತಪ್ಪಿದ ಅವಕಾಶ ಅವುಗಳಿಗೆ ಇನ್ನೂ ಇದೆ. ಸೈಟು ಸೈಟಿಗೆ ಎ-ಖಾತಾ ಕೊಡುವ ಮೊದಲು ಲೇಔಟ್ ಲೆಕ್ಕದಲ್ಲಿ ಒಂದು ನಕ್ಷೆ ಮಾಡಬಹುದು. ಖಾಲಿ ಸೈಟುಗಳಲ್ಲಿ ಕೆಲವನ್ನು ಪ್ರಾಧಿಕಾರ ಕೊಂಡು ಪಾರ್ಕಿಗೆ, ಅಂಗನವಾಡಿಗೆ ಇಡಬಹುದು. ಮೂಲ ಮಾಲೀಕರ ಹೆಸರಿನಲ್ಲಿ ಮಾರಾಟವಾಗದೆ ಉಳಿದ ತುಂಡುಗಳನ್ನು ದಂಡದ ಬದಲಿಗೆ ಪಡೆಯಬಹುದು. ಶುಲ್ಕದ ದುಡ್ಡನ್ನು ಆಯಾ ಬಡಾವಣೆಯ ಹೆಸರಿನಲ್ಲೇ ಬೇರೆ ಖಾತೆಯಲ್ಲಿಟ್ಟು, ಅಲ್ಲಿನ ಚರಂಡಿಗೇ ಖರ್ಚು ಮಾಡಬಹುದು. ಬೆಂಗಳೂರಿನಲ್ಲೂ ಈ ಕೊನೆಯದನ್ನು ಮಾಡಲು ಯಾವ ಅಡ್ಡಿಯೂ ಇಲ್ಲ.

ಹೊಸ ಅನಧಿಕೃತ ಲೇಔಟ್ ನಿಲ್ಲಬೇಕಾದರೆ ಅದನ್ನು ತಡೆಯುವ ಜಾಗ ಉಪ ನೋಂದಣಿ ಕಚೇರಿ. ಖಾತಾ ಮತ್ತು ನೋಂದಣಿ ಎರಡೂ ಕಂಪ್ಯೂಟರಿನಲ್ಲಿ ಬೆಸೆದಿರುವಾಗ, ಅನುಮೋದಿತ ಲೇಔಟಿನ ಬಿಡುಗಡೆಯಾದ ಸೈಟುಗಳ ಪಟ್ಟಿಯನ್ನೂ ಅದಕ್ಕೆ ಸೇರಿಸುವುದು ಕಷ್ಟದ ಕೆಲಸವಲ್ಲ. ಪಟ್ಟಿಯಲ್ಲಿ ಇಲ್ಲದ ಸೈಟು ನೋಂದಣಿಯೇ ಆಗದಿದ್ದರೆ ಆ 73 ಸೈಟುಗಳ ಲಾಭವೂ ಇಲ್ಲ. ಅದನ್ನು ಮಾಡದೆ ಕಟ್‌ ಆಫ್ ದಿನಾಂಕ ಮಾತ್ರ ಇಟ್ಟರೆ, ಮುಂದಿನ ಚುನಾವಣೆಗೆ ಮುಂದಿನ ದಿನಾಂಕ ಬರುತ್ತದೆ.

ಈಗ ಹೊಸ ಲೇಔಟಿನಲ್ಲಿ ಸೈಟು ನೋಡುತ್ತಿರುವವರು ಡೀಸಿ ಕನ್ವರ್ಷನ್ ಆದೇಶ ತೋರಿಸಿದರೆ ಅಲ್ಲಿಗೆ ನಿಲ್ಲಬೇಡಿ. ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ ಕೇಳಿ. ನೀವು ಕೊಳ್ಳುವ ಸೈಟಿನ ನಂಬರ್ ಬಿಡುಗಡೆ ಆದೇಶದಲ್ಲಿ ಇದೆಯಾ ನೋಡಿ. ರಸ್ತೆ, ಪಾರ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರದ ನಕಲು ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆಗಿದ್ದರೆ ರೇರಾ ನೋಂದಣಿ ಇರಲೇಬೇಕು, ಅದರ ಜಾಲತಾಣದಲ್ಲಿ ನಕ್ಷೆ ತೆಗೆದು ಜಾಗದಲ್ಲಿ ನಿಂತು ಹೋಲಿಸಿ. ಈಗಾಗಲೇ ರೆವಿನ್ಯೂ ಲೇಔಟಿನಲ್ಲಿ ಇರುವವರು ಒಬ್ಬೊಬ್ಬರೇ ಅರ್ಜಿ ಹಾಕುವ ಬದಲು ಒಟ್ಟಾಗಿ ಹೋಗುವುದು ಒಳ್ಳೆಯದು. ಇಡೀ ಬೀದಿ ಒಂದೇ ದಿನ ಅರ್ಜಿ ಕೊಟ್ಟು, ನಾವು ಕಟ್ಟಿದ ಶುಲ್ಕ ಇಷ್ಟು, ನಮ್ಮ ಬೀದಿಯ ಚರಂಡಿ ಯಾವಾಗ ಎಂದು ಬರವಣಿಗೆಯಲ್ಲಿ ಕೇಳಿದರೆ, ಪಾಲಿಕೆ ಬರವಣಿಗೆಯಲ್ಲೇ ಉತ್ತರ ಕೊಡಬೇಕಾಗುತ್ತದೆ.